ಊಟ ಬಿಟ್ಟು ಒಂದೂವರೆ ಲಕ್ಷದಲ್ಲಿ ಮದುವೆ: ಹಳೇ ಸಾಮಾನು, ಕೈಕೆಲಸ ನೆಚ್ಚಿಕೊಂಡು ಸುಧಾರಿಸ್ಲಿಕ್ಕೆ ಆಗ್ತದಾ?

ನೀರ್ಚಾಲಿನ ಹುಡುಗಿ:

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯ ವಾರ ನನ್ನ ಮದುವೆ ಅಂತ ನಿಶ್ಚಯ ಆಗಿದೆ, ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಹುಡುಗ ಕರ್ನಾಟಕದ ಪುತ್ತೂರು ಕಡೆಯವರು, ಗೌಜಿ ಆಗ್ಬೇಕು ಅಂತ ಅವರ ಮನೆಯವರದ್ದು ಏನೂ ಹಟ ಇಲ್ಲ. ನಮ್ಮ ಕಡೆಯ ಸಂಗತಿ ಎಂತ ಅಂದ್ರೆ ಕಳೆದ ಮಳೆಗಾಲ ಕೊಳೆರೋಗ ಬಂದು ಅಡಿಕೆ ಫಸಲು ತುಂಬಾ ಕಮ್ಮಿ ಆಯ್ತು, ಅಪ್ಪ ಸೊಸೈಟಿಯಲ್ಲಿ ಸಾಲ ತೆಗಿತೇನೆ ಅಂತಿದ್ದಾರೆ, ನಾನು ಬೇಡವೇ ಬೇಡ ಅಂತ ಹೇಳಿ ಕೂತಿದ್ದೇನೆ. ಊಟದ್ದು ಅಡಿಗೆ ಭಟ್ರ ಹತ್ರ ಮಾತಾಡಿ ಆಗಿದೆ, ಅದನ್ನು ಅಣ್ಣ ನೋಡಿಕೊಳ್ತಾನೆ. ಉಳಿದದ್ದಕ್ಕೆ, ಅಂದ್ರೆ ಚಪ್ಪರ, ಅಲಂಕಾರ, ಸೀರೆ, ಕಾಗದ, ಬಂದವರಿಗೆ ಕೊಡುವ ತಾಂಬೂಲ, ದೀಪ, ಪಾತ್ರೆಪಗಡಿ ಎಲ್ಲಕ್ಕೂ ಸೇರಿ ನನ್ನ ಉಳಿತಾಯದ ಒಂದೂವರೆ ಲಕ್ಷ ಉಂಟು, ಅದ್ರಲ್ಲೇ ಮುಗಿಸ್ಬೇಕು.

ಹಾಲ್ ಬೇಡ ಅಂತ ಆಗಿದೆ, ಮನೆ ಅಂಗಳ ದೊಡ್ಡದುಂಟು, ಅಡಿಕೆ ಒಣಗಿಸುವ ಅಂಗಳ. ಜನ ಸುಮಾರು 350. ಡೆಕೊರೇಶನ್‌ನವರ ಹತ್ರ ಸುಮ್ನೆ ಕೇಳಿದ್ದಕ್ಕೆ ಸ್ಟೇಜ್ ಒಂದಕ್ಕೇ 80 ಸಾವಿರ ಹೇಳಿದ್ರು, ಅದ್ರಲ್ಲಿ ಪ್ಲಾಸ್ಟಿಕ್ ಹೂವೇ ಜಾಸ್ತಿ. ಅದನ್ನು ಕೇಳಿದ ಮೇಲೆ ನನಗೆ ಇದನ್ನೆಲ್ಲ ನಾವೇ ಯಾಕೆ ಮಾಡ್ಬಾರ್ದು ಅಂತ ಅನ್ನಿಸ್ಲಿಕ್ಕೆ ಶುರು ಆದದ್ದು. ನನಗೆ ಹೊಲಿಗೆ ಬರ್ತದೆ, ಕಸೂತಿ ಸ್ವಲ್ಪ ಬರ್ತದೆ, ತಂಗಿ ಒಳ್ಳೇ ಚಿತ್ರ ಬಿಡಿಸ್ತಾಳೆ. ಅಜ್ಜಿಯದ್ದು ಒಂದು ಹಳೇ ರೇಷ್ಮೆ ಸೀರೆ ಉಂಟು, ಕುಂಕುಮ ಬಣ್ಣ, ಅಂಗೈ ಅಗಲದ ಜರಿ ಅಂಚು, ಅದನ್ನೇ ಉಡ್ಬೇಕು ಅಂತ ನನಗೆ ಆಸೆ, ಮನೆಯಲ್ಲಿ ಒಂದಿಬ್ಬರಿಗೆ ಅದು ಸರಿ ಕಾಣ್ತಾ ಇಲ್ಲ.

ಹೀಗೆ ಮಾಡಿದವರು ಯಾರಾದ್ರೂ ಇದ್ರೆ ಹೇಳಿ. ಯಾವುದನ್ನು ಸೆಕೆಂಡ್ ಹ್ಯಾಂಡ್ ತಕ್ಕೊಳ್ಳಬಹುದು, ಯಾವುದನ್ನು ಕೇಳಿ ತರ್ಬಹುದು, ಯಾವುದನ್ನು ಕೈಯಲ್ಲೇ ಮಾಡ್ಬಹುದು, ಯಾವುದಕ್ಕೆ ಕೈ ಹಾಕ್ಲೇಬಾರ್ದು?

---

ಬಾಯಾರು ಅಕ್ಕ:

ಮೊದಲು ನಿನಗೆ ಶುಭಾಶಯ ತಂಗಿ, ಸಾಲ ಬೇಡ ಅಂದದ್ದು ಒಳ್ಳೇದು ಮಾಡಿದಿ. ಎರಡು ವರ್ಷ ಹಿಂದೆ ನನ್ನ ಮಗಳ ಮದುವೆ ನಮ್ಮ ಮನೆ ಅಂಗಳದಲ್ಲಿ ಹೀಗೇ ಮಾಡಿ ಮುಗಿಸಿದ್ದು, ಹಾಗಾಗಿ ಹೇಳ್ತಾ ಇದ್ದೇನೆ, ಸೆಕೆಂಡ್ ಹ್ಯಾಂಡ್ ಅಂತ ಹುಡುಕ್ಲಿಕ್ಕೆ ಹೋಗುವ ಮೊದಲು ನಿಮ್ಮದೇ ಅಟ್ಟ ಹತ್ತಿ ನೋಡು, ಆಮೇಲೆ ದೊಡ್ಡಪ್ಪನ ಮನೆ ಅಟ್ಟ, ಅತ್ತೆ ಮನೆ ಉಗ್ರಾಣ. ನಮ್ಮ ಕಡೆ ಹಳೇ ಮನೆಗಳಲ್ಲಿ ಎಂತ ಉಂಟು ಅಂತ ಮನೆಯವರಿಗೇ ಗೊತ್ತಿರುವುದಿಲ್ಲ. ನಮಗೆ ಕಾಲುದೀಪ, ಗಿಂಡಿ, ಹರಿವಾಣ, ಕಂಚಿನ ಉರುಳಿ ಎಲ್ಲ ಸಿಕ್ಕಿದ್ದು ಹಾಗೇ, ಮಸಿ ಹಿಡಿದು ಕಪ್ಪಾಗಿತ್ತು, ಸಾರಿಗೆ ಹಿಂಡಿದ ಹುಣಸೆಹುಳಿಯ ಹಿಪ್ಪೆ ಬಿಸಾಡದೆ ಇಟ್ಟು ಅದಕ್ಕೆ ಒಲೆ ಬೂದಿ ಸೇರಿಸಿ ತಿಕ್ಕಿದ್ರೆ ಕನ್ನಡಿ ಹಾಗೆ ಆಗ್ತದೆ. ತಿಕ್ಕಿದ ಮೇಲೆ ಒಂದು ಹನಿ ನೀರೂ ಉಳಿಯದ ಹಾಗೆ ಒರೆಸಿ ಬಿಸಿಲಿಗೆ ಇಡ್ಬೇಕು, ಇಲ್ದಿದ್ರೆ ಮರುದಿನವೇ ಕಲೆ ಬೀಳ್ತದೆ. ಈ ಕೆಲಸ ಮದುವೆಗೆ ನಾಲ್ಕು ದಿನ ಇರುವಾಗ ಮಾಡು, ತಿಂಗಳ ಮೊದಲೇ ಮಾಡಿಟ್ರೆ ಪುನಃ ಮಂಕಾಗ್ತದೆ.

ದೊಡ್ಡ ಪಾತ್ರೆ, ಕಟಾರ, ಸ್ಟೀಲು ಲೋಟ, ಬಡಿಸುವ ಬಕೆಟು, ಕುರ್ಚಿ, ಇದ್ಯಾವುದನ್ನೂ ಕ್ರಯ ಕೊಟ್ಟು ತಕ್ಕೊಳ್ಬೇಡ. ಊರಿನ ಭಜನಾ ಮಂದಿರದಲ್ಲಿ, ಯುವಕರ ಕ್ಲಬ್ಬಿನಲ್ಲಿ, ಕುಡುಂಬಶ್ರೀ (ಹೆಂಗಸರ ಸ್ವಸಹಾಯ ಗುಂಪು) ಯೂನಿಟಿನವರ ಹತ್ರ ಕೇಳು, ಸಣ್ಣ ಮೊತ್ತ ತಕ್ಕೊಂಡು ಕೊಡ್ತಾರೆ, ಆ ದುಡ್ಡು ಊರಿಗೇ ಉಳೀತದೆ. ಆದ್ರೆ ತರುವಾಗ ಎಣಿಸಿ ಪುಸ್ತಕದಲ್ಲಿ ಬರಿ, ಬೇರೆ ಬೇರೆ ಮನೆಯಿಂದ ತಂದದ್ದಕ್ಕೆ ಅಡಿಯಲ್ಲಿ ಬೇರೆ ಬೇರೆ ಬಣ್ಣದ ನೈಲ್ ಪಾಲಿಶ್‌ನ ಒಂದು ಚುಕ್ಕೆ ಹಾಕು. ಮದುವೆ ಮುಗಿದ ಸಂಜೆ ಯಾರ ಉರುಳಿ ಯಾವುದು ಅಂತ ಹುಡುಕುವ ಕಷ್ಟ ತಪ್ತದೆ.

ಗುಜರಿ ಅಂಗಡಿಯಲ್ಲಿ ಹಳೇ ಕಂಚು ಹಿತ್ತಾಳೆ ಕೆಜಿ ಲೆಕ್ಕದಲ್ಲಿ ಸಿಗ್ತದೆ, ಹೊಸದಕ್ಕಿಂತ ತುಂಬಾ ಕಮ್ಮಿ. ನಿನಗೆ ಕೊಡ್ಲಿಕ್ಕೆ ಅಂತ ಒಂದೆರಡು ತಕ್ಕೊಳ್ಳುವುದಿದ್ರೆ ಅಮ್ಮನ ಹತ್ರ ಹೇಳು, ಅಯಸ್ಕಾಂತ ಹಿಡ್ಕೊಂಡು ಹೋಗ್ಲಿಕ್ಕೆ. ಅಯಸ್ಕಾಂತ ಕಚ್ಚಿದ್ರೆ ಅದು ಕಬ್ಬಿಣಕ್ಕೆ ನೀರು ಕೊಟ್ಟದ್ದು. ಕಂಚೋ ಹಿತ್ತಾಳೆಯೋ ಅಂತ ಗೊತ್ತಾಗ್ಬೇಕಾದ್ರೆ ಬೆರಳ ಗೆಣ್ಣಿನಲ್ಲಿ ಬಡಿದು ನೋಡ್ಲಿ, ಕಂಚು ಗಂಟೆಯ ಹಾಗೆ ತುಂಬಾ ಹೊತ್ತು ಕೇಳ್ತದೆ. ಒಳ್ಳೇ ಕಂಚಿನಲ್ಲಿ 78 ಭಾಗ ತಾಮ್ರ, 22 ಭಾಗ ತವರ ಅಂತ ಲೆಕ್ಕ, ಹಾಗಾಗಿ ಗಟ್ಟಿ, ಆದ್ರೆ ಕೈತಪ್ಪಿ ಬಿದ್ರೆ ಬಿರಿಯುತ್ತದೆ. ಬಡಿದಾಗ ಕರಕರ ಅಂತ ಒಡೆದ ಸ್ವರ ಬಂದ್ರೆ ಅದ್ರಲ್ಲಿ ಎಲ್ಲಿಯೋ ಬಿರುಕುಂಟು ಅಂತ ಅರ್ಥ, ಬಿಟ್ಟುಬಿಡಿ. ಮತ್ತೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಸಾರು, ಹುಳಿ, ಮಜ್ಜಿಗೆ ಹಾಕ್ಲೇಬಾರ್ದು.

ಇನ್ನೊಂದು ನನಗೆ ತುಂಬಾ ಖುಷಿ ಕೊಟ್ಟ ವಿಷಯ ತಾಂಬೂಲದ ಚೀಲ. ಪ್ರತಿಯೊಂದು ಮನೆಯ ಕಪಾಟಿನಲ್ಲೂ ಯಾರೋ ಕೊಟ್ಟ ರವಿಕೆ ಕಣ ಹೊಲಿಸದೆ ರಾಶಿ ಬಿದ್ದಿರ್ತದೆ, ಒಬ್ಬರು ಇನ್ನೊಬ್ಬರಿಗೆ ಕೊಡ್ತಾರೆ, ಅವರು ಮತ್ತೊಬ್ಬರಿಗೆ, ಯಾರೂ ಹೊಲಿಸುವುದಿಲ್ಲ. ಅದನ್ನು ಕೇಳಿ ಒಟ್ಟು ಮಾಡು. 80 ಸೆಂಟಿಮೀಟರಿನ ಒಂದು ಕಣದಲ್ಲಿ ತೆಂಗಿನಕಾಯಿ ಹಿಡಿಯುವಂಥ ನಾಲ್ಕು ಚೀಲ ಬರ್ತದೆ, 350 ಜನ ಅಂದ್ರೆ ಮನೆಗೊಂದರ ಹಾಗೆ 120 ಚೀಲ ಸಾಕು, ಅಂದ್ರೆ 30 ಕಣ. ದಾರಕ್ಕೆ ಹಳೇ ಸೀರೆಯ ಫಾಲ್ಸ್ ಉದ್ದಕ್ಕೆ ಸೀಳಿದ್ರೆ ಆಯ್ತು. ನಿನಗೆ ಹೊಲಿಗೆ ಬರ್ತದಲ್ಲ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊಲಿದ್ರೆ ಈಗಿನಿಂದ ಆರಾಮದಲ್ಲಿ ಆಗ್ತದೆ. ನಮ್ಮ ಮದುವೆಗೆ ಬಂದವರು ಆ ಚೀಲವನ್ನು ಈಗಲೂ ಸಂತೆಗೆ ತರ್ತಾರೆ.

---

ಉಪ್ಪಳದವ:

ಅಕ್ಕ ಹೇಳಿದ್ದು ಹೆಚ್ಚಿನದ್ದು ಸರಿ, ಆದ್ರೆ ಎಲ್ಲವನ್ನೂ ಕೇಳಿ ತರುವುದರಲ್ಲಿ ನನಗೆ ಅಷ್ಟು ಒಪ್ಪಿಗೆ ಇಲ್ಲ. ಕೇಳಿ ತಂದದ್ದನ್ನು ಹಿಂದೆ ಮುಟ್ಟಿಸುವ ಕೆಲಸ ಯಾರದ್ದು? ಮದುವೆ ಮರುದಿನ ಹುಡುಗಿ ಪುತ್ತೂರಲ್ಲಿ, ಮನೆಯಲ್ಲಿ ಅಪ್ಪ ಅಮ್ಮ ಸುಸ್ತಾಗಿ ಕೂತಿರ್ತಾರೆ, ಪಿಕಪ್ ಮಾಡಿ ಹತ್ತು ಮನೆಗೆ ಹಂಚ್ಲಿಕ್ಕೆ ಒಬ್ಬ ಜನ ಬೇಕು, ಆ ಪಿಕಪ್ ಬಾಡಿಗೆಯೂ ಲೆಕ್ಕಕ್ಕೆ ಬರ್ಬೇಕು. ಅದಕ್ಕೆ ನಾನು ಹೇಳುವುದು, ಲೈಟಿನ ಮಾಲೆ, ಬಟ್ಟೆ ಪರದೆ, ಮಡಚುವ ಸ್ಟ್ಯಾಂಡು, ದೊಡ್ಡ ಫ್ಯಾನು ಇಂಥದ್ದನ್ನು ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೋ ತಕ್ಕೊಳ್ಳಿ, ಮದುವೆ ಆದ ಮೇಲೆ ಅಲ್ಲಿಯೇ ಪುನಃ ಮಾರಿ. ಹೊಸದು ತಕ್ಕೊಂಡು ಮಾರಿದ್ರೆ ಅರ್ಧಕ್ಕೆ ಇಳೀತದೆ, ಸೆಕೆಂಡ್ ಹ್ಯಾಂಡ್ ತಕ್ಕೊಂಡದ್ದು ಹೆಚ್ಚುಕಮ್ಮಿ ಅದೇ ರೇಟಿಗೆ ಹೋಗ್ತದೆ. ಸರ್ಚ್ ಮಾಡುವಾಗ ಜಾಗ ಕಾಸರಗೋಡು ಅಂತ ಮಾತ್ರ ಹಾಕ್ಬೇಡಿ, ಮಂಗಳೂರು ಅಂತಲೂ ಹಾಕಿ, ನಮ್ಮ ಗಡಿಯವರಿಗೆ ಅಲ್ಲಿ ಹೆಚ್ಚು ಸಿಗ್ತದೆ, ರೈಲಿನಲ್ಲಿ ಹೋಗಿ ತರ್ಬಹುದು. ಅಡ್ವಾನ್ಸ್ ಕಳಿಸಿ ಅಂತ ಕೇಳಿದ್ರೆ ಮಾತ್ರ ಕೊಡ್ಬೇಡಿ, ಹೋಗಿ ಪ್ಲಗ್ಗಿಗೆ ಹಾಕಿ ನೋಡಿ, ಉರಿದ್ರೆ ಕೈಯಲ್ಲಿ ದುಡ್ಡು ಕೊಟ್ಟು ಬನ್ನಿ.

ಒಡವೆ ಬಾಡಿಗೆಗೆ ತರುವ ಯೋಚನೆ ಇದ್ರೆ ಒಂದು ಮಾತು. ನನ್ನ ಅಕ್ಕನಿಗೆ ಮಂಗಳೂರಿನ ಒಂದು ಕಡೆಯಿಂದ ಟೆಂಪಲ್ ಸೆಟ್ ತಂದಿದ್ವಿ, ವಾಪಸ್ ಕೊಡುವಾಗ ಎರಡು ಕಲ್ಲು ಬಿದ್ದಿದೆ ಅಂತ ಡೆಪಾಸಿಟ್‌ನಲ್ಲಿ ದೊಡ್ಡ ಮೊತ್ತ ಹಿಡ್ಕೊಂಡ್ರು, ಆ ಕಲ್ಲು ಮೊದಲೇ ಇರ್ಲಿಲ್ಲ. ಹೆಸರು ಇಲ್ಲಿ ಬೇಡ. ನೀವು ತರುವುದಿದ್ರೆ ಅಂಗಡಿಯಲ್ಲೇ ನಿಂತು ಅವರೆದುರೇ ಪ್ರತಿಯೊಂದರ ಹಿಂದೆ ಮುಂದೆ ವಿಡಿಯೋ ತೆಗೀರಿ, ರಶೀದಿಯಲ್ಲಿ ಕಲ್ಲು ಬಿದ್ದದ್ದಿದ್ರೆ ಬರೆಸಿ.

ಮನೆಯ ಹಳೇ ಚಿನ್ನ ಇದ್ರೆ ಅದನ್ನು ಎಕ್ಸ್‌ಚೇಂಜ್ ಮಾಡ್ಲಿಕ್ಕೆ ಹೋಗ್ಬೇಡಿ. ಅವರು ಕಲ್ಲು, ಅರಗು ಎಲ್ಲ ತೆಗೆದು ತೂಕ ಹಾಕ್ತಾರೆ, ಹೊಸದಕ್ಕೆ ಮಜೂರಿ, ಜಿಎಸ್‌ಟಿ ಪುನಃ ಕೊಡ್ಬೇಕು. ಅಜ್ಜಿಯ ಬಳೆಯನ್ನು ಪಾಲಿಶ್ ಮಾಡಿಸಿ ಹಾಕಿದ್ರೆ ಮುಗೀತು. ಕರಿಮಣಿಯದ್ದು ಹೊಸದೇ ಬೇಕಾದ್ರೆ 916 (22 ಕ್ಯಾರೆಟ್) ಮಾರ್ಕಿನ ಜತೆ ಒಡವೆಯ ಗುರುತು ಸಂಖ್ಯೆಯಾದ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ನೋಡಿ ತಕ್ಕೊಳ್ಳಿ, 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ.

---

ಮುಳ್ಳೇರಿಯ ತೋಟದ ಮನೆ:

ಅಡಿಕೆ ತೋಟ ಇರುವವರ ಮನೆ ಮದುವೆಗೆ ಪ್ಲಾಸ್ಟಿಕ್ ಹೂವಿನ ಸ್ಟೇಜಿಗೆ 80 ಸಾವಿರ ಅಂತ ಓದಿ ನನಗೆ ನಿಜಕ್ಕೂ ಬೇಜಾರಾಯ್ತು. ತಂಗಿ, ನಿಮ್ಮ ತೋಟದಲ್ಲೇ ಎಲ್ಲ ಉಂಟು. ನಾನು ಇಲ್ಲಿ ಭೂತಸ್ಥಾನದ ನೇಮಕ್ಕೆ, ದೇವಸ್ಥಾನದ ಜಾತ್ರೆಗೆ ಸಣ್ಣಾಗಿರುವಾಗಿನಿಂದ ಸಿರಿ (ತೆಂಗಿನ ಎಳೇ ಗರಿ) ಅಲಂಕಾರ ಮಾಡಿಕೊಂಡು ಬಂದವ, ಗೊತ್ತಿದ್ದದ್ದು ಪೂರ್ತಿ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಚಪ್ಪರಕ್ಕೆ ಹಳೇ ಅಡಿಕೆ ಮರ ಕಡಿದದ್ದಿದ್ರೆ ಕಂಬಕ್ಕೆ ಅದೇ ಆಗ್ತದೆ, ಸೀಳಿದ ಸಲಾಕೆ ಅಡ್ಡಕ್ಕೆ. ಮಾಡಿಗೆ ಮೊದಲೆಲ್ಲ ತೆಂಗಿನ ಮಡಲು ಹೆಣೆದು ಹಾಕ್ತಿದ್ರು, ಈಗ ಹೆಣೆಯುವವರು ಸಿಕ್ಕುವುದು ಕಷ್ಟ. ಅದಕ್ಕೆ ಹತ್ತಿರದ ನರ್ಸರಿಯವರ ಹತ್ರವೋ ಕಾಳುಮೆಣಸು ಗಿಡ ಮಾಡುವವರ ಹತ್ರವೋ ಶೇಡ್ ನೆಟ್ ಕೇಳಿ, ಬಿಸಿಲಿಗೆ ಅದು ಬೇಕಷ್ಟಾಯ್ತು. ಆದ್ರೆ ಏಪ್ರಿಲ್ ಕೊನೆಗೆ ನಮ್ಮಲ್ಲಿ ಸಂಜೆ ಗುಡುಗು ಮಳೆ ಗ್ಯಾರಂಟಿ ಅಂತಲೇ ತಿಳ್ಕೊಳ್ಳಿ. ಧಾರೆ ಮಂಟಪದ ಮೇಲೆ, ಊಟದ ಪಂಕ್ತಿಯ ಮೇಲೆ, ಒಲೆ ಇರುವ ಕಡೆ ಟರ್ಪಾಲು ಬೇಕೇ ಬೇಕು, ಅಲ್ಲಿ ಉಳಿತಾಯ ಮಾಡ್ಬೇಡಿ. ಅಡಿಕೆ ಒಣಗಿಸುವವರ ಹತ್ರ ದಪ್ಪದ ಟರ್ಪಾಲು ಇರ್ತದೆ, ಏಪ್ರಿಲ್‌ಗೆ ಅವರದ್ದು ಖಾಲಿ ಆಗಿರ್ತದೆ.

ಟರ್ಪಾಲು ಅಡಿಯಿಂದ ನೋಡ್ಲಿಕ್ಕೆ ಚಂದ ಇಲ್ಲ. ಅದಕ್ಕೆ ಒಳಗಿನಿಂದ ಹಳೇ ಸೀರೆ ಕಟ್ಟಿ. ಊರಲ್ಲಿ ಎಲ್ಲರ ಮನೆಯಿಂದ ಒಂದೊಂದು ಹಳೇ ವಾಯಿಲ್ ಸೀರೆ ಕೇಳಿ, ಒಗೆದು, ಕೆಂಪು ಹಳದಿ ಒಂದು ಕಡೆ, ಹಸಿರು ನೀಲಿ ಒಂದು ಕಡೆ ಅಂತ ವಿಂಗಡಿಸಿ, ಮಧ್ಯದಿಂದ ನಾಲ್ಕು ಬದಿಗೆ ಇಳಿಬಿಟ್ಟು ಕಟ್ಟಿದ್ರೆ ಎಷ್ಟು ಕಳೆ ಬರ್ತದೆ ಅಂದ್ರೆ ಬಂದವರು ತಲೆ ಎತ್ತಿ ಇದು ನಮ್ಮ ಅತ್ತಿಗೆಯ ಸೀರೆ ಅಲ್ವಾ ಅಂತ ಗುರ್ತು ಹಿಡಿದು ಮಾತಾಡ್ತಾರೆ. ಹೋಮಕುಂಡದ ನೇರ ಮೇಲೆ ಮಾತ್ರ ಬೇಡ, ಹ್ಯಾಲೊಜೆನ್ ಲೈಟಿನ ಹತ್ರವೂ ಬೇಡ, ನೈಲಾನ್ ಸೀರೆ ಆದ್ರೆ ಇನ್ನೂ ಜಾಗ್ರತೆ, ಕಿಡಿ ತಾಗಿದ್ರೆ ಹತ್ತಿಕೊಳ್ತದೆ. ಲೈಟಿಗೆ ಎಲ್‌ಇಡಿ ಹಾಕಿ, ಅದು ಅಷ್ಟು ಬಿಸಿ ಆಗುವುದಿಲ್ಲ.

ಇನ್ನು ಸಿರಿ. ತೆಂಗಿನ ಮರದ ಕೊಡಿಯ ಎಳೇ ಗರಿ, ಬಿಳಿ ಹಳದಿ ಬಣ್ಣದ್ದು. ಅದನ್ನು ತೆಗೆಯುವಾಗ ಮರದ ಕುಡಿಗೆ ಪೆಟ್ಟಾಗ್ಬಾರ್ದು, ಗೊತ್ತಿದ್ದವರೇ ಹತ್ಬೇಕು, ಒಂದು ಮರದಿಂದ ಒಂದೇ ತೆಗೀರಿ. ಮದುವೆಯ ಮುಂಚಿನ ದಿನ ಮಧ್ಯಾಹ್ನ ಮೇಲೆ ಕಡಿದು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ, ರಾತ್ರಿ ಕೂತು ಕಟ್ಟಿ, ಬೆಳಿಗ್ಗೆ ಒಮ್ಮೆ ನೀರು ಚಿಮುಕಿಸಿ. ಮೊದಲೇ ಕಡಿದ್ರೆ ತುದಿ ಕೆಂಪಾಗಿ ಮುರುಟ್ತದೆ. ಗರಿಯ ಕಡ್ಡಿ ಬಿಡಿಸಿ, ಎರಡು ಸೀಳನ್ನು ಒಂದರ ಮೇಲೊಂದು ಮಡಚ್ತಾ ಹೋದ್ರೆ ಏಣಿಯ ಹಾಗೆ ಉದ್ದ ಮಾಲೆ ಆಗ್ತದೆ, ಮಕ್ಕಳಿಗೆ ಹತ್ತು ನಿಮಿಷದಲ್ಲಿ ಬರ್ತದೆ. ಗಿಳಿ ಮಾಡ್ಲಿಕ್ಕೆ ಅಜ್ಜಂದಿರಿಗೆ ಗೊತ್ತಿರ್ತದೆ, ಅವರನ್ನು ಚಾವಡಿಯಲ್ಲಿ ಕೂರಿಸಿ ಮಕ್ಕಳನ್ನು ಸುತ್ತ ಕೂರಿಸಿ. ಮಂಟಪದ ನಾಲ್ಕು ಕಂಬಕ್ಕೆ ಬಾಳೆಗಿಡ, ಮೇಲಿನಿಂದ ಹಿಂಗಾರ (ಅಡಿಕೆಯ ಹೂಗೊನೆ) ಇಳಿಬಿಡಿ. ಹಿಂಗಾರ ಹಾಳೆಯೊಳಗೆ ಮುಚ್ಚಿಕೊಂಡಿರುವಾಗಲೇ ತಂದು ಬೆಳಿಗ್ಗೆ ಬಿಡಿಸಿದ್ರೆ ಆ ಪರಿಮಳ ಯಾವ ಸ್ಪ್ರೇಯಲ್ಲೂ ಇಲ್ಲ. ಬಾಗಿಲಿಗೆ ಸೀಯಾಳದ ಗೊನೆ, ಅಡಿಕೆ ಗೊನೆ, ಬಾಳೆಗೊನೆ ಕಟ್ಟಿ, ಮರುದಿನ ಅದೆಲ್ಲ ಮನೆ ಉಪಯೋಗಕ್ಕೇ ಆಯ್ತು.

ಮಲ್ಲಿಗೆಯನ್ನು ಅಲಂಕಾರಕ್ಕೆ ಬಳಸ್ಬೇಡಿ, ತಲೆಗೆ ಮಾತ್ರ. ಉಡುಪಿ ಮಲ್ಲಿಗೆ ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ, ಮದುವೆ ಸೀಸನ್ನಿಗೆ ಅಟ್ಟೆಯ ಕ್ರಯ ಕೇಳಿದ್ರೆ ಎದೆ ಹಾರ್ತದೆ. ಅಲಂಕಾರಕ್ಕೆ ಕೇಪುಳ, ತುಳಸಿ, ಮಾವಿನ ಎಲೆ, ಅಬ್ಬಲ್ಲಿಗೆ ಸಾಕು. ಬಾಳೆನಾರು ನೆನೆಸಿ ಕಟ್ಟಿ, ನೂಲು ಬೇಡ.

ಗೆರಟೆ (ತೆಂಗಿನ ಚಿಪ್ಪು) ದೀಪವೂ ಒಂದು ಮಾಡಿ ನೋಡಿ. ಅರ್ಧ ಗೆರಟೆಯ ನಾರು ಚೂರಿಯಲ್ಲಿ ಹೆರೆದು, ಮರಳು ಕಾಗದದಲ್ಲಿ ತಿಕ್ಕಿ, ತೆಂಗಿನೆಣ್ಣೆ ಉಜ್ಜಿದ್ರೆ ಕರಿಮರದ ಹಾಗೆ ಹೊಳೆಯುತ್ತದೆ. ಗೆರಟೆಯೊಳಗೆ ನೇರ ಬತ್ತಿ ಇಟ್ರೆ ಅದೂ ಉರೀತದೆ, ಹಾಗಾಗಿ ಒಳಗೆ ಮಣ್ಣಿನ ಹಣತೆ ಕೂರಿಸಿ. ಅರಿಶಿನ ಕುಂಕುಮ, ಅಕ್ಷತೆ ಇಡ್ಲಿಕ್ಕೂ ಅದೇ ಗೆರಟೆ ಆಗ್ತದೆ.

ಅಡಿಕೆ ಹಾಳೆ ತಟ್ಟೆ ತರುವುದಾದ್ರೆ ಬೆಳಗ್ಗಿನ ತಿಂಡಿಗೆ, ಸಂಜೆ ಚಾಕ್ಕೆ ಮಾತ್ರ. ಊಟಕ್ಕೆ ಬಾಳೆ ಎಲೆಯೇ. ತಟ್ಟೆಯ ಕಟ್ಟು ಬಿಡಿಸಿ ಬಿಸಿಲಿಗೆ ಹಾಕಿ ಇಡಿ, ತೇವ ತಾಗಿದ್ರೆ ಬೂಸರು ಬರ್ತದೆ.

---

ನೀರ್ಚಾಲಿನ ಹುಡುಗಿ:

ಇಷ್ಟೆಲ್ಲ ಬರೆದದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಅಮ್ಮನಿಗೆ ಪೂರಾ ಓದಿ ಹೇಳಿದೆ, ಸೀರೆ ಚಪ್ಪರ ಅಂದ ಕೂಡ್ಲೇ ಅವರಿಗೆ ಉಮೇದು ಬಂತು, ಈಗಲೇ ಕಪಾಟು ತೆಗೆದು ಕೂತಿದ್ದಾರೆ. ರವಿಕೆ ಕಣ ನಮ್ಮ ಮನೆಯಲ್ಲೇ 19 ಸಿಕ್ಕಿತು!

ಆದ್ರೆ ಅಜ್ಜಿಯ ಸೀರೆಯ ವಿಷಯ ಇನ್ನೂ ಬಗೆಹರಿದಿಲ್ಲ. ದೊಡ್ಡಮ್ಮ ಹೇಳುವುದು, ಧಾರೆಗೆ ಉಟ್ಟು ಬಿಟ್ಟ ಸೀರೆ ಉಡಬಾರ್ದು, ಪುತ್ತೂರಿನವರು ಎಂತ ಅಂದುಕೊಂಡಾರು ಅಂತ. ಅಜ್ಜಿ ಬದುಕಿಲ್ಲ, ಅವರಿದ್ರೆ ಅವರೇ ಉಡಿಸ್ತಿದ್ರು. ಸೀರೆ ಬಿಡಿಸಿ ನೋಡಿದಾಗ ಮಡಿಕೆಯಲ್ಲಿ ಎರಡು ಮೂರು ಕಡೆ ಸೀಳಿದ ಹಾಗೆ ಕಾಣ್ತದೆ, ಜರಿ ಅಲ್ಲಲ್ಲಿ ಕಪ್ಪಾಗಿದೆ. ಇದು ಉಡ್ಲಿಕ್ಕೆ ಆಗ್ತದಾ ಇಲ್ವಾ?

---

ಪೆರ್ಲ ಟೀಚರ್:

ಸೀರೆಯ ವಿಷಯದಲ್ಲಿ ನಾನು ಹೇಳ್ತೇನೆ, ನಮ್ಮ ಮನೆಯಲ್ಲಿ ತುಂಬಾ ಹಳೇ ಸೀರೆ ಜೋಪಾನ ಮಾಡಿದ್ದೇವೆ. ಮೊದಲು ಸೀರೆಯನ್ನು ಇಬ್ಬರು ಹಿಡಿದು ಬೆಳಕಿಗೆ ಅಡ್ಡ ಮಾಡಿ ನೋಡಿ. ಮಡಿಕೆಯ ಗೆರೆಯಲ್ಲಿ ಮಾತ್ರ ಸೀಳಿದ್ದು, ಉಳಿದ ಮೈ ಗಟ್ಟಿ ಉಂಟು ಅಂತಾದ್ರೆ ಸೀಳಿದಲ್ಲಿ ಹಿಂದಿನಿಂದ ಅದೇ ಬಣ್ಣದ ತೆಳು ನೆಟ್ ಇಟ್ಟು ಹೊಲಿಸಿ ಉಡ್ಬಹುದು. ಸೀಳದ ಜಾಗವನ್ನೂ ಎರಡು ಬೆರಳಲ್ಲಿ ಮೆಲ್ಲ ಎಳೆದು ನೋಡಿ, ಪಟ್ ಅಂತ ಬಿಟ್ಟುಕೊಂಡ್ರೆ ರೇಷ್ಮೆಯೇ ಜೀರ್ಣ ಆಗಿದೆ, ಆಗ ಉಡುವ ಆಸೆ ಬಿಡಿ, ಮಂಟಪದಲ್ಲಿ ಎದ್ದು ಕೂತು ಮಾಡುವಾಗ ತಾಳುವುದಿಲ್ಲ.

ಹಾಗಾದ್ರೂ ಅಂಚು ಗಟ್ಟಿ ಇರ್ತದೆ. ಜರಿ ಕಪ್ಪಾಗಿದೆ ಅಂದ್ರಲ್ಲ, ಬೆಳ್ಳಿ ಇದ್ರೆ ಕಪ್ಪಾಗ್ತದೆ, ಆದ್ರೆ ತಾಮ್ರದ ಜರಿಯೂ ಕಪ್ಪಾಗ್ತದೆ, ಅದೊಂದರಲ್ಲೇ ಗೊತ್ತಾಗುವುದಿಲ್ಲ. ತುದಿಯಲ್ಲಿ ಒಂದು ಎಳೆ ಬಿಡಿಸಿ ನೋಡಿ, ಒಳಗೆ ಕೆಂಪು ನೂಲು ಕಂಡ್ರೆ ಹಳೇ ಅಸಲಿ ಜರಿ ಆಗಿರುವುದೇ ಹೆಚ್ಚು. ಅದನ್ನು ಗುಜರಿಯವರಿಗೆ, ಹಳೇ ಸೀರೆಗೆ ದುಡ್ಡು ಕೊಡ್ತೇವೆ ಅಂತ ಬರುವವರಿಗೆ ಯಾವ ಕಾರಣಕ್ಕೂ ಕೊಡ್ಬೇಡಿ. ನಿಂಬೆಹುಳಿ, ಹುಣಸೆಹುಳಿ ಹಾಕಿ ತಿಕ್ಲಿಕ್ಕೂ ಹೋಗ್ಬೇಡಿ, ಪಾತ್ರೆಗೆ ಆಗುವುದು ಸೀರೆಗೆ ಆಗುವುದಿಲ್ಲ. ಡ್ರೈ ಕ್ಲೀನ್ ಮಾಡಿಸಿ, ರೋಲ್ ಪ್ರೆಸ್ ಬೇಡ, ಮೇಲಿನಿಂದ ಹತ್ತಿ ಬಟ್ಟೆ ಹಾಕಿ ಇಸ್ತ್ರಿ ಹಾಕಿದ್ರೆ ಸಾಕು.

ಆ ಅಂಚನ್ನು ಬಿಡಿಸಿ ಹೊಸ ಪ್ಲೇನ್ ರೇಷ್ಮೆ ಸೀರೆಗೆ ಕೂರಿಸಬಹುದು. ದೊಡ್ಡಮ್ಮನ ಮಾತಿಗೂ ಬೆಲೆ ಕೊಟ್ಟ ಹಾಗಾಯ್ತು, ಸೀರೆ ಹೊಸದು, ಅಂಚು ಅಜ್ಜಿಯದ್ದು. ಮತ್ತೆ ಧಾರೆ ಸೀರೆ ಹೇಗೂ ಹೆಚ್ಚಿನ ಕಡೆ ಹುಡುಗನ ಕಡೆಯಿಂದ ಬರುವುದಲ್ವಾ, ನಿಮ್ಮಲ್ಲಿ ಆ ಕ್ರಮ ಇದ್ರೆ ಧಾರೆಗೆ ಅದನ್ನೇ ಉಟ್ಟು, ಮುಂಚಿನ ದಿನದ ಶಾಸ್ತ್ರಕ್ಕೆ ಅಜ್ಜಿಯದ್ದು ಉಡಿ. ಹಟ ಮಾಡಿ ಗೆಲ್ಲುವುದಕ್ಕಿಂತ ದೊಡ್ಡಮ್ಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸೀರೆ ಬಿಡಿಸಿ, ಇದನ್ನು ಅಜ್ಜಿ ಯಾವಾಗ ಉಟ್ಟದ್ದು ಅಂತ ಕೇಳಿ. ನಮ್ಮಲ್ಲಿ ಬೇಡ ಅಂದವರೇ ಆಮೇಲೆ ನೆರಿಗೆ ಹಿಡಿದು ಉಡಿಸಿದ್ರು.

ಉಳಿದ ಸೀಳಿದ ರೇಷ್ಮೆಯಲ್ಲಿ ಅಂತರ್ಪಟ ಮಾಡಿ. ಹಳೇ ಬಿಳಿ ಪಂಚೆಯ ಮೇಲೆ ಆ ಕುಂಕುಮ ರೇಷ್ಮೆಯನ್ನು ಎಲೆ, ಹೂವಿನ ಆಕಾರಕ್ಕೆ ಕತ್ತರಿಸಿ ಇಟ್ಟು ಸುತ್ತ ಕಸೂತಿ ಹಾಕಿದ್ರೆ ನೀವಿಬ್ಬರು ಮುಖ ನೋಡುವ ಮೊದಲು ಮಧ್ಯದಲ್ಲಿ ಇರುವುದು ಅಜ್ಜಿಯ ಸೀರೆ. ಚಿತ್ರ ತಂಗಿ ಬಿಡಿಸ್ಲಿ. ಇದಕ್ಕೆ ದುಡ್ಡೇ ಖರ್ಚಿಲ್ಲ, ಸಮಯ ಮಾತ್ರ, ಹಾಗಾಗಿ ಈಗಲೇ ಶುರು ಮಾಡಿ.

ಹತ್ತಿರದ ನೆಂಟರಿಗೆ ಉಡುಗೊರೆ ಸೀರೆ ಕೊಡುವ ಕ್ರಮ ಇದ್ರೆ ಮಂಗಳೂರಿನ ಡಿಸ್ಕೌಂಟ್ ಅಂಗಡಿಗೆ ಹೋಗಿ ಪಾಲಿಯೆಸ್ಟರ್ ರಾಶಿ ತರ್ಬೇಡಿ ಅಂತ ನನ್ನ ಕಳಕಳಿಯ ವಿನಂತಿ. ನಮ್ಮದೇ ಕಾಸರಗೋಡು ಸೀರೆ ಉಂಟು, ಕೈಮಗ್ಗದ ಹತ್ತಿ ಸೀರೆ, ಭೌಗೋಳಿಕ ಗುರುತು ಸಿಕ್ಕಿದ್ದು, ವಿದ್ಯಾನಗರದ ಹತ್ರ ನೇಕಾರರ ಸಹಕಾರಿ ಸೊಸೈಟಿಯೇ ಮಾರ್ತದೆ. ಅದನ್ನು ನೇಯುವವರ ಸಂಖ್ಯೆ ಕಮ್ಮಿ ಆಗ್ತಾ ಬಂದಿದೆ. ಇಪ್ಪತ್ತು ಜನರಿಗೆ ಕೊಡುವ ಬದಲು ಐದು ಜನರಿಗೆ ಕೊಡಿ, ಅದನ್ನೇ ಕೊಡಿ. ವರ್ಷಗಟ್ಲೆ ಒಗೆದ್ರೂ ಬಣ್ಣ ಹೋಗುವುದಿಲ್ಲ.

---

ಹೊಸದುರ್ಗದಿಂದ:

ಎಲ್ಲರೂ ಚಂದದ ವಿಷಯ ಹೇಳಿದ್ರು, ನಾನು ಎರಡು ನೀರಸ ಆದ್ರೆ ಅಗತ್ಯದ ವಿಷಯ ಹೇಳ್ತೇನೆ.

ಒಂದು, ಕೇರಳದಲ್ಲಿ ಒಂದ್ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ 2020ರ ಜನವರಿ 1ರಿಂದ ನಿಷೇಧ. ಥರ್ಮೊಕೋಲ್‌ನಲ್ಲಿ ಹೆಸರು ಕೆತ್ತಿ ಹಾಕುವುದು, ಪ್ಲಾಸ್ಟಿಕ್ ಪದರದ ಪೇಪರ್ ಕಪ್ಪು, ಇದೆಲ್ಲ ಬೇಡ. ಪೇಪರ್ ಕಪ್ಪಿನ ಒಳಗಿನ ಆ ಪದರದಿಂದಾಗಿ ಅದು ಗೊಬ್ಬರದ ಗುಂಡಿಯಲ್ಲೂ ಕೊಳೆಯುವುದಿಲ್ಲ. ಸ್ಟೀಲು ಲೋಟ ತಂದು ತೊಳೀಲಿಕ್ಕೆ ಇಬ್ಬರನ್ನು ಸಂಬಳ ಕೊಟ್ಟು ನಿಲ್ಲಿಸಿ. ಬಂದವರಿಗೆ ಬಾಟಲಿ ಜ್ಯೂಸ್ ಬದಲು ಬೆಲ್ಲ ನೀರು, ಪುನರ್ಪುಳಿ ಶರಬತ್ತು ಕೊಡಿ, ಏಪ್ರಿಲ್ ಸೆಕೆಗೆ ಅದಕ್ಕಿಂತ ಒಳ್ಳೇದು ಇಲ್ಲ. ಪಂಚಾಯತಿಗೆ ಮೊದಲೇ ತಿಳಿಸಿದ್ರೆ ಉಳಿದ ಒಣ ಕಸದ ವಿಷಯ ಮನೆಮನೆಯಿಂದ ಒಣ ಕಸ ಒಯ್ಯುವ ಹರಿತ ಕರ್ಮ ಸೇನೆಯವರ ಹತ್ರ ಮಾತಾಡ್ಬಹುದು. ಬಾಳೆ ಎಲೆ, ಸಿರಿ, ಹೂವು ಎಲ್ಲ ತೋಟದ ಬುಡಕ್ಕೇ ಹೋಯ್ತು.

ಎರಡು, ಮದುವೆ ರಿಜಿಸ್ಟ್ರೇಶನ್. ಹುಡುಗ ಕರ್ನಾಟಕದವರಾದ್ರೂ ಮದುವೆ ಇಲ್ಲಿ ಆಗುವುದರಿಂದ ಇಲ್ಲಿನ ಪಂಚಾಯತಿಯಲ್ಲೇ ಆಗ್ಬೇಕು, 2008ರ ನಿಯಮ ಪ್ರಕಾರ 45 ದಿನದೊಳಗೆ. ಪುತ್ತೂರಿಗೆ ಹೋದ ಮೇಲೆ ಇದು ಮರೆತುಹೋಗ್ತದೆ, ಆಮೇಲೆ ದಂಡ ಕಟ್ಟಿಕೊಂಡು ಓಡಾಡ್ಬೇಕು. ಹಾಗಾಗಿ ಮದುವೆ ಕಾಗದ ಎಲ್ಲ ವಾಟ್ಸಾಪ್‌ನಲ್ಲೇ ಕಳಿಸುವುದಾದ್ರೂ ಸ್ವಲ್ಪ ಪ್ರಿಂಟ್ ಮಾಡಿಸಿ, ದೇವರ ಎದುರು ಇಡ್ಲಿಕ್ಕೆ, ಹಿರಿಯರ ಮನೆಗೆ ಹೋಗಿ ಕರೀಲಿಕ್ಕೆ ಹೇಗೂ ಬೇಕು, ರಿಜಿಸ್ಟ್ರೇಶನ್ ಫೈಲಿಗೂ ಒಂದು ಇಟ್ಟುಕೊಳ್ಳಿ. ನೆರೆಕರೆಯಲ್ಲಿ ಮಲಯಾಳ ಮಾತ್ರ ಓದುವವರಿದ್ರೆ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಹಾಕಿಸಿ, ಒಂದು ಪ್ರಿಂಟಿಂಗ್ ಪ್ಲೇಟಿನ ಖರ್ಚು ಮಾತ್ರ ಹೆಚ್ಚಾಗುವುದು.

---

ಉಪ್ಪಳದವ:

ಪೇಪರ್ ಕಪ್ಪಿನದ್ದು ನೂರಕ್ಕೆ ನೂರು ಸರಿ. ಮತ್ತೆ ಇನ್ನೊಂದು, ಇಷ್ಟೆಲ್ಲ ಕೈಕೆಲಸ ಹುಡುಗಿಯ ತಲೆ ಮೇಲೆಯೇ ಬಿದ್ರೆ ಮದುವೆ ದಿನ ಕಣ್ಣಡಿ ಕಪ್ಪಾಗಿ ಕೂರ್ಬೇಕಾಗ್ತದೆ. ಕೊನೆಯ ಎರಡು ದಿನ ನೀವು ಯಾವ ಕೆಲಸವನ್ನೂ ಇಟ್ಟುಕೊಳ್ಬೇಡಿ, ಸಿರಿ ಕಟ್ಟುವುದು ಅಣ್ಣನ ಸ್ನೇಹಿತರ ಪಾಲಿಗೆ, ಹೂವು ಅತ್ತಿಗೆಯಂದಿರ ಪಾಲಿಗೆ, ಪಾತ್ರೆ ವಾಪಸ್ ಮುಟ್ಟಿಸುವುದು ಒಬ್ಬನ ಹೆಸರಿಗೆ ಬರೆದು ಈಗಲೇ ಒಪ್ಪಿಸಿ. ಬೇಕಾದ್ರೆ ನಾನೇ ಪಿಕಪ್ ತಕ್ಕೊಂಡು ಬರ್ತೇನೆ, ಡೀಸೆಲ್ ಹಾಕಿಸಿದ್ರೆ ಸಾಕು.

---

ನೀರ್ಚಾಲಿನ ಹುಡುಗಿ:

ಪಿಕಪ್‌ನ ವಿಷಯ ಅಣ್ಣನಿಗೆ ಹೇಳ್ತೇನೆ, ಅವನೇ ನಿಮಗೆ ಮೆಸೇಜ್ ಮಾಡ್ತಾನೆ, ತುಂಬಾ ದೊಡ್ಡ ಉಪಕಾರ.

ದೊಡ್ಡಮ್ಮನ ಹತ್ರ ಕೂತು ಸೀರೆ ಬಿಡಿಸಿದೆ ಟೀಚರ್. ಅಜ್ಜಿ ಅದನ್ನು ದೊಡ್ಡಮ್ಮನ ಮದುವೆಗೇ ಉಟ್ಟದ್ದಂತೆ, ನನಗೆ ಗೊತ್ತೇ ಇರ್ಲಿಲ್ಲ. ಎಳೆದು ನೋಡಿದ್ದಕ್ಕೆ ಮೈ ಬಿಟ್ಟುಕೊಳ್ತದೆ, ಉಡ್ಲಿಕ್ಕೆ ಆಗುವುದಿಲ್ಲ, ಆದ್ರೆ ಜರಿ ಎಳೆಯೊಳಗೆ ಕೆಂಪು ನೂಲು ಉಂಟು! ಅಂಚನ್ನು ಹೊಸ ಸೀರೆಗೆ ಹಾಕಿಸುವುದು ಅಂತ ದೊಡ್ಡಮ್ಮನೇ ಹೇಳಿದ್ರು, ಬಣ್ಣ ಆರಿಸ್ಲಿಕ್ಕೆ ಅವರೇ ಬರ್ತಾರಂತೆ. ಅಂತರ್ಪಟಕ್ಕೆ ತಂಗಿ ಹಿಂಗಾರದ ಚಿತ್ರ ಬಿಡಿಸಿದ್ದಾಳೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ತಾಂಬೂಲ ಚೀಲ, ಹೂವು, ಬಾಳೆಹಣ್ಣು ಎಲ್ಲ ಹೊರಾಂಗಣದಲ್ಲಿ ಇಡ್ಲಿಕ್ಕೆ ಪ್ಲಾಸ್ಟಿಕ್ ಟ್ರೇ ಬೇಡ ಅಂತ, ಬುಟ್ಟಿ ಒಂದು ಹದಿನೈದು ಬೇಕು. ಹಳೇದು ಕೇಳಿ ತರುವುದಾ, ಹೊಸದಾ?

---

ಮುಳ್ಳೇರಿಯ ತೋಟದ ಮನೆ:

ಬುಟ್ಟಿ ಮಾತ್ರ ಹೊಸದೇ ಮಾಡಿಸಿ ತಂಗಿ. ನಿಮ್ಮ ಆಸುಪಾಸಿನಲ್ಲಿ, ಮಂಜೇಶ್ವರ ಕಡೆ ಎಲ್ಲ, ಕೊರಗ ಸಮುದಾಯದವರು ಬುಟ್ಟಿ ಹೆಣೆಯುವವರು ಈಗಲೂ ಇದ್ದಾರೆ, ಕಾಡಿನ ಬಳ್ಳಿಯದ್ದು, ಬಿದಿರಿನದ್ದು. ಬಳ್ಳಿ ಹುಡುಕಿ ತಂದು ನೆನೆಸಿ ಸೀಳಿ ಹೆಣೀಬೇಕು, ಅದಕ್ಕೆ ಎರಡು ತಿಂಗಳು ಮೊದಲೇ ಹೋಗಿ ಹೇಳಿ, ಅಳತೆಗೆ ನಿಮ್ಮ ಒಂದು ತಾಂಬೂಲ ಚೀಲ ಹಿಡ್ಕೊಂಡು ಹೋಗಿ. ಅವರು ಹೇಳಿದ ಕ್ರಯಕ್ಕೆ ಚರ್ಚೆ ಮಾಡ್ಬೇಡಿ, ಅರ್ಧ ಅಡ್ವಾನ್ಸ್ ಕೊಟ್ಟು ಬನ್ನಿ, ಮತ್ತೆ ಅವರನ್ನೂ ಮದುವೆಗೆ ಕರೀರಿ. ಆ ಬುಟ್ಟಿ ತೋಟದಲ್ಲಿ ಅಡಿಕೆ ಹೆಕ್ಕಲಿಕ್ಕೆ ವರ್ಷಾನುಗಟ್ಲೆ ಬರ್ತದೆ, ಹೊಗೆ ತಾಗುವ ಅಟ್ಟದಲ್ಲಿ ಇಟ್ರೆ ಕುಟ್ಟೆ ಹುಳ ಹಿಡಿಯುವುದಿಲ್ಲ. ಸಿರಿ ಕಟ್ಲಿಕ್ಕೆ ಜನ ಕಮ್ಮಿ ಬಿದ್ರೆ ಇಲ್ಲೇ ಒಂದು ಮಾತು ಹಾಕಿ, ಮುಳ್ಳೇರಿಯದಿಂದ ನಾವು ನಾಲ್ಕು ಜನ ಮುಂಚಿನ ದಿನ ಸಂಜೆಗೆ ಬರ್ತೇವೆ, ಕತ್ತಿ ನಾವೇ ತರ್ತೇವೆ, ಮರಕ್ಕೆ ಹತ್ತುವವನೂ ನಮ್ಮಲ್ಲಿದ್ದಾನೆ.